ಖಾತೆ ಪುಸ್ತಕ ಯಾರ ಕೈಲಿದೆ?

ಹಾಸ್ಟೆಲ್‌ಗಳಲ್ಲಿ ಈಗ ಹೊಸ ಮಂತ್ರವೊಂದು ಓಡಾಡ್ತಿದೆ. ಬಿಟ್‌ಕಾಯಿನ್. ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತವರ ಮೊಬೈಲಿನಲ್ಲಿ ಅದರ ಏರಿಳಿತದ ಗೆರೆ ಕುಣೀತಾ ಇರುತ್ತೆ. ಬ್ಯಾಂಕು ಬೇಡ, ಸರ್ಕಾರ ಬೇಡ, ಹೆಸರು ಕೇಳೋರಿಲ್ಲ, ಜಾತಿ ಕೇಳೋರಿಲ್ಲ, ಇದೇ ನಿಜವಾದ ಬಿಡುಗಡೆ ಅಂತ ಕೆಲವರು ಪ್ರಚಾರ ಮಾಡ್ತಿದ್ದಾರೆ. ಇನ್ನೊಂದು ಕಡೆ ಸರ್ಕಾರದವರು ಮತ್ತು ಅವರ ಪಂಡಿತರು ಬೇರೆ ಮಂತ್ರ ಹೇಳ್ತಾರೆ: ಎಲ್ಲ ಹಣ ಮೊಬೈಲಿನಲ್ಲೇ ಓಡಾಡಲಿ, ಎಲ್ಲ ಲೆಕ್ಕ ಬೆಳಕಿಗೆ ಬರಲಿ, ಕಳ್ಳತನ ಮಾಡದವನಿಗೆ ಬಚ್ಚಿಡೋಕೆ ಏನಿದೆ?

ಎರಡೂ ಮಂತ್ರಗಳೇ. ಮಂತ್ರ ಹೇಳೋರನ್ನ ಕಂಡರೆ ಅವರ ಕೈಯಲ್ಲಿ ದಕ್ಷಿಣೆ ತಟ್ಟೆ ಇದೆಯಾ ಅಂತ ಮೊದಲು ನೋಡಬೇಕು. ಇದು ನಮಗೆ ಇತಿಹಾಸ ಕಲಿಸಿದ ಪಾಠ.

ಕಾಸಿಲ್ಲದವರಿಗೆ ಹಣಕಾಸಿನ ಮಾತು ಯಾಕೆ ಅಂತ ಯಾರಾದರೂ ನಕ್ಕರೆ ಒಂದು ಸಂಗತಿ ನೆನಪು ಮಾಡಿ. ಬಾಬಾಸಾಹೇಬರು ಲಂಡನ್ನಿನಲ್ಲಿ ಡಾಕ್ಟರೇಟಿಗೆ ಬರೆದು 1923ರಲ್ಲಿ ಪುಸ್ತಕವಾಗಿ ಬಂದ ಪ್ರಬಂಧದ ವಿಷಯ ಜಾತಿ ಅಲ್ಲ, ರೂಪಾಯಿ. ಆ ಮೇಲೆ ಹಿಲ್ಟನ್ ಯಂಗ್ ಆಯೋಗದ ಮುಂದೆ ಕೂತು ಬ್ರಿಟಿಷರಿಗೆ ಹಣದ ಲೆಕ್ಕ ಹೇಳಿದ್ದೂ ಅವರೇ. ಹಣದ ಪ್ರಶ್ನೆ ನಮ್ಮ ಪ್ರಶ್ನೆ. ಅದನ್ನ ಶೆಟ್ಟರಿಗೂ ಷೇರುಪೇಟೆಯವರಿಗೂ ಬಿಟ್ಟುಕೊಟ್ಟು ಕೂರೋದು ತರವಲ್ಲ.

ಮೊದಲು ಈ ವಸ್ತು ಏನು ಅಂತ ತಿಳಿಯೋಣ. 2008ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ಜೂಜಾಡಿ ಮುಳುಗಿದವು. ಸರ್ಕಾರ ಜನರ ತೆರಿಗೆ ಹಣ ಸುರಿದು ಅವನ್ನ ಎತ್ತಿ ನಿಲ್ಲಿಸ್ತು. ಅದೇ ವರ್ಷ ಅಕ್ಟೋಬರ್ 31ರಂದು ಸತೋಷಿ ನಾಕಾಮೊಟೊ ಅನ್ನೋ ಹೆಸರಿನಲ್ಲಿ ಒಂಬತ್ತು ಪುಟದ ಬರಹ ಹೊರಗೆ ಬಂತು. 2009ರ ಜನವರಿ 3ರಂದು ಬಿಟ್‌ಕಾಯಿನ್ ಶುರುವಾಯ್ತು. ಅದರ ಒಳಗುಟ್ಟು ಇಷ್ಟೇ: ಒಂದು ಖಾತೆ ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನೋ ಲೆಕ್ಕ. ಅದನ್ನ ಒಬ್ಬ ಸಾಹುಕಾರನಾಗಲಿ, ಒಂದು ಬ್ಯಾಂಕಾಗಲಿ ಬರೆಯೋದಿಲ್ಲ. ಲೋಕದ ಸಾವಿರಾರು ಕಂಪ್ಯೂಟರ್‌ಗಳು ಒಂದೇ ಪುಸ್ತಕದ ನಕಲು ಇಟ್ಟುಕೊಂಡಿರ್ತವೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಹಾಳೆ ಸೇರುತ್ತೆ. ಹಾಳೆ ಸೇರಿಸೋಕೆ ಕರೆಂಟು ಸುಟ್ಟು ಪೈಪೋಟಿ ಮಾಡಿ ಗೆದ್ದವನಿಗೆ ಹೊಸ ನಾಣ್ಯ ಸಿಗುತ್ತೆ. ಶುರುವಿನಲ್ಲಿ 50 ಸಿಗ್ತಿತ್ತು. ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗ್ತಾ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳೀತು. ಒಟ್ಟು ನಾಣ್ಯ 2 ಕೋಟಿ 10 ಲಕ್ಷ ಮೀರೋ ಹಾಗಿಲ್ಲ ಅನ್ನೋದು ಅದರ ಕಟ್ಟಳೆ.

ಖಾತೆ ಪುಸ್ತಕ! ಈ ಎರಡು ಪದ ಕೇಳಿದರೆ ನಮ್ಮ ಜನಕ್ಕೆ ಮೈ ಜುಮ್ಮೆನ್ನಬೇಕು. ನಮ್ಮ ತಾತ ಮುತ್ತಾತಂದಿರನ್ನ ಕಟ್ಟಿ ಹಾಕಿದ್ದು ಹಗ್ಗ ಅಲ್ಲ, ಆ ಪುಸ್ತಕ. ಮದುವೆಗೋ ಮಣ್ಣಿಗೋ ತಂದ ಸಾಲ ಎಷ್ಟು, ತೀರಿಸಿದ್ದು ಎಷ್ಟು, ಬಡ್ಡಿ ಎಷ್ಟು? ಬರೆಯೋನು ಅವನು, ಓದೋನು ಅವನು, ಕೂಡಿಸೋನು ಅವನು. ನಮ್ಮದು ಹೆಬ್ಬೆಟ್ಟು ಮಾತ್ರ. ಅಕ್ಷರ ಅವನ ಕೈಲಿದ್ದದ್ದಕ್ಕೆ ಅಪ್ಪನ ಸಾಲಕ್ಕೆ ಮಗ ಜೀತ ಇದ್ದ, ಮಗನ ಸಾಲಕ್ಕೆ ಮೊಮ್ಮಗ ದನ ಕಾಯ್ದ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಅದೇ ವರ್ಷ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂತು. ಸಾಹುಕಾರನ ಪುಸ್ತಕದ ಸಾಲುಗಳ ಮೇಲೆ ಕಾನೂನು ಅಡ್ಡಗೆರೆ ಎಳೀತು. ಹೀಗಾಗಿ ಪುಸ್ತಕವನ್ನ ಯಾರು ಬರೀತಾರೆ, ಯಾರು ಓದ್ತಾರೆ, ಯಾರು ಅಳಿಸಬಲ್ಲರು ಅನ್ನೋ ಮೂರು ಪ್ರಶ್ನೆ ನಮ್ಮವು. ಕಂಪ್ಯೂಟರ್ ಪಂಡಿತರು ಕಂಡುಹಿಡಿದ ಪ್ರಶ್ನೆಗಳಲ್ಲ. ಈ ಮೂರನ್ನೇ ಹಿಡ್ಕೊಂಡು ಮುಂದೆ ಹೋಗೋಣ.

ನೋಟಿಗೆ ಜಾತಿ ಇಲ್ಲ. ನೋಟು ಚಾಚೋ ಕೈಗೆ ಜಾತಿ ಹಚ್ಚಿದ್ದಾರೆ. ನಮ್ಮ ಕೈ ತಾಕದಂತೆ ಚಿಲ್ಲರೆಯನ್ನ ಮೇಲಿಂದ ಉದುರಿಸೋ ಅಂಗಡಿಗಳನ್ನ, ಕಾಸು ಹೊಸ್ತಿಲ ಮೇಲಿಡು ಅನ್ನೋ ಮನೆಗಳನ್ನ ಕಾಣದವರು ನಮ್ಮಲ್ಲಿ ಕಡಿಮೆ. ಆದರೂ ನಗದು ಹಣ ನಮಗೆ ಒಂದು ಉಪಕಾರ ಮಾಡಿದೆ. ಕಾಳಿನಲ್ಲಿ ಕೂಲಿ ಕೊಡ್ತಿದ್ದಾಗ ನಮ್ಮ ಹೊಟ್ಟೆಗೆ ಏನು ಬೀಳಬೇಕು ಅಂತ ಗೌಡ ನಿರ್ಧಾರ ಮಾಡ್ತಿದ್ದ. ಕೂಲಿ ಕಾಸಾದಾಗ ಆ ಹಿಡಿತ ಸ್ವಲ್ಪ ಸಡಿಲ ಆಯ್ತು. ಕಾಸು ಜೇಬಲ್ಲಿದ್ದವನು ಬಸ್ಸು ಹತ್ತಿ ಸಿಟಿಗೆ ಹೋದ. ಅವನ ಕುಲ ಗೊತ್ತಿಲ್ಲದ ಹೋಟೆಲಿನಲ್ಲಿ ಎಲ್ಲರ ಜೊತೆ ಕೂತು ಗಾಜಿನ ಲೋಟದಲ್ಲಿ ಟೀ ಕುಡಿದ. ಗಲ್ಲಾದಲ್ಲಿ ಕೂತವನು ಕಾಸು ನೋಡಿದನೇ ಹೊರತು ಕೇರಿ ಕೇಳಲಿಲ್ಲ. ಹೆಸರಿಲ್ಲದವನಾಗಿ ಇರೋದು ನಮಗೆ ಎಂಥಾ ನೆಮ್ಮದಿ ಅಂತ ಹೆಸರಿನಿಂದಲೇ ಗೌರವ ಪಡೆಯೋರಿಗೆ ತಿಳಿಯೋದಿಲ್ಲ.

ಹಣದ ಗುಟ್ಟು ಅಂದರೆ ಇದು. ಇದು ಕಪ್ಪುಹಣದ ಗುಟ್ಟಲ್ಲ. ಕೇರಿಯ ಹುಡುಗ ಹೊಸ ಬೈಕು ತಂದರೆ, ಕೂಲಿಂಗ್ ಗ್ಲಾಸ್ ಹಾಕಿದರೆ ಊರಿನ ಕಣ್ಣು ಕೆಂಪಾಗೋ ದೇಶ ಇದು. ಇಲ್ಲಿ ನಮ್ಮ ಹತ್ತಿರ ಎಷ್ಟಿದೆ, ಏನು ಕೊಂಡೆವು, ಏನು ತಿಂದೆವು ಅನ್ನೋದು ಊರಿಗೆಲ್ಲ ಗೊತ್ತಾಗೋದು ಅಪಾಯ.

ಈಗ ಏನಾಗ್ತಿದೆ ನೋಡಿ. ಟೀ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟರೂ ಹೆಸರು ತೆರೆಯ ಮೇಲೆ ಮೂಡುತ್ತೆ. ಹೆಸರು ಕೇಳಿ ಅಪ್ಪನ ಹೆಸರು ಕೇಳೋದು, ಊರು ಕೇಳಿ ಕೇರಿ ಕೇಳೋದು ಈ ಸಮಾಜಕ್ಕೆ ಬಾಯಿಪಾಠ. ಯಾವ ದಿನ ಯಾವ ಮಾಂಸದ ಅಂಗಡಿಗೆ ಎಷ್ಟು ಕೊಟ್ಟೆವು, ಯಾವ ಸಂಘಟನೆಗೆ ಚಂದಾ ಕಟ್ಟಿದೆವು, ಯಾವ ಊರಿಗೆ ಬಸ್ಸು ಹತ್ತಿದೆವು, ಎಲ್ಲ ಎಲ್ಲೋ ಬರೆದಿರುತ್ತೆ. ಬರೆದದ್ದನ್ನ ಯಾರು ಓದ್ತಾರೆ? ನಮಗೆ ಯಾರೂ ಹೇಳೋದಿಲ್ಲ. ಹೆಬ್ಬೆಟ್ಟು ಒತ್ತೋದು ಮಾತ್ರ ಮತ್ತೆ ನಮ್ಮ ಪಾಲಿಗೆ ಬಂದಿದೆ. 2024ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಗೆ ಆಧಾರ್ ಜೋಡಣೆ ಕಡ್ಡಾಯ ಮಾಡಿದರು. ಸ್ಕಾಲರ್‌ಶಿಪ್ಪಿಗೆ ಆಧಾರ್ ಮ್ಯಾಪಿಂಗ್ ಆಗಿಲ್ಲ ಅನ್ನೋ ಉತ್ತರ ಕೇಳಿ ಕಿಟಕಿಯಿಂದ ಕಿಟಕಿಗೆ ಅಲೆಯದ ಹಾಸ್ಟೆಲ್ ಹುಡುಗ ಹುಡುಗಿ ಇದ್ದರೆ ಕೈ ಎತ್ತಲಿ!

ಹಣಕ್ಕೇ ಜಾತಿ ಕಟ್ಟಿದ್ದೂ ಉಂಟು. 2021ರಲ್ಲಿ ಕೇಂದ್ರ ಸರ್ಕಾರ ಉದ್ಯೋಗ ಖಾತ್ರಿ ಕೂಲಿಯನ್ನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಅಂತ ಮೂರು ಪಾಲು ಮಾಡಿ ಬೇರೆ ಬೇರೆಯಾಗಿ ಪಾವತಿ ಮಾಡೋಕೆ ಹೊರಡ್ತು. ಒಂದೇ ಕೆರೆಯ ಹೂಳು ಒಟ್ಟಿಗೆ ಎತ್ತಿದವರಲ್ಲಿ ಒಬ್ಬರಿಗೆ ಕೂಲಿ ಬಂತು, ಒಬ್ಬರಿಗೆ ಬರಲಿಲ್ಲ. ಕೂಲಿಕಾರರ ನಡುವೆಯೇ ಬೆಂಕಿ ಹಚ್ಚೋ ಕೆಲಸ. ವಿರೋಧ ಬಂದ ಮೇಲೆ ಅದೇ ವರ್ಷ ಕೈಬಿಟ್ಟರು. ಬೆವರಿಗೆ ಇಲ್ಲದ ಜಾತಿಯನ್ನ ಕಂಪ್ಯೂಟರಿನಲ್ಲಿ ಹುಟ್ಟಿಸಬಹುದು ಅಂತ ತೋರಿಸಿಕೊಟ್ಟದ್ದು ಮಾತ್ರ ಉಳೀತು.

2016ರ ನವೆಂಬರ್ 8ರ ರಾತ್ರಿ ನೆನೆಸ್ಕೊಳ್ಳಿ. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇಕಡಾ 86ರಷ್ಟನ್ನ ಒಂದೇ ಮಾತಿಗೆ ಕಾಗದ ಮಾಡಿಬಿಟ್ಟರು. ಕಪ್ಪುಹಣ ಸುಟ್ಟು ಬೂದಿಯಾಗುತ್ತೆ ಅಂದರು. 2018ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಲೆಕ್ಕ ಕೊಡ್ತು: ರದ್ದಾದ ನೋಟುಗಳಲ್ಲಿ ಶೇಕಡಾ 99.3 ವಾಪಸ್ಸು ಬಂತು. ಹಾಗಾದರೆ ಬಯಲಾದದ್ದು ಯಾವ ಹಣ? ಕುಡುಕ ಗಂಡನಿಗೆ ತಿಳಿಯದಂತೆ ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ, ರಾಗಿ ಮಡಕೆಯಲ್ಲಿ ಬಚ್ಚಿಟ್ಟಿದ್ದ ಹಣ. ಮಗಳ ಫೀಸಿಗೆ, ಹೆರಿಗೆಗೆ, ಆಪತ್ತಿಗೆ ಇಟ್ಟ ಹಣ. ಅವರಿಗೆ ಬ್ಯಾಂಕಿನ ಲಾಕರ್ ಇರಲಿಲ್ಲ. ಆ ಮಡಕೆಯೇ ಅವರ ಸಂವಿಧಾನದತ್ತ ಹಕ್ಕು.

ಇದು ಮಾತಿನ ಅಲಂಕಾರ ಅಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಹಕ್ಕು ಕಾಗದದ ಮೇಲಿದೆ. ಅದು ಯಾರ ಮನೆ ಬಾಗಿಲು ತಟ್ಟಿದೆ?

ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. 2018ರಿಂದ 2024ರವರೆಗೆ ಚುನಾವಣಾ ಬಾಂಡು ಅನ್ನೋ ವ್ಯವಸ್ಥೆ ನಡೀತು. ಕಂಪನಿಗಳು ಪಕ್ಷಗಳಿಗೆ 16,000 ಕೋಟಿಗೂ ಮಿಕ್ಕಿದ ಹಣ ಸುರಿದವು. ಕೊಟ್ಟವರ ಹೆಸರು ಮತದಾರನಿಗೆ ತಿಳಿಯಬಾರದು ಅಂತ ಕಾನೂನೇ ಮಾಡಿದ್ದರು! 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನ ಸಂವಿಧಾನಬಾಹಿರ ಅಂತ ಕಿತ್ತು ಹಾಕ್ತು. ಹೆಸರು ಕೊಡಿ ಅಂದಾಗ ದೇಶದ ಅತಿ ದೊಡ್ಡ ಬ್ಯಾಂಕು ತಿಂಗಳುಗಟ್ಟಲೆ ಸಮಯ ಕೇಳ್ತು. ಹತ್ತು ರೂಪಾಯಿ ಟೀಗೆ ಒಂದು ಕ್ಷಣದಲ್ಲಿ ಹೆಸರು ತೋರಿಸೋ ಯಂತ್ರಗಳಿಗೆ ಕೋಟಿ ಕೊಟ್ಟವರ ಹೆಸರು ಹುಡುಕೋಕೆ ತಿಂಗಳು ಬೇಕಂತೆ!

ಈಗ ಇನ್ನೊಂದು ಲೆಕ್ಕ. 2025ರ ಜುಲೈನಲ್ಲಿ ನಮ್ಮ ರಾಜ್ಯದ ತೆರಿಗೆ ಇಲಾಖೆ ಮೊಬೈಲ್ ಪಾವತಿಯ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಕಳಿಸ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟು ಅಂತ ನೋಟೀಸು. ನಾಲ್ಕು ವರ್ಷದಲ್ಲಿ ಅವನ ಖಾತೆಗೆ 1.63 ಕೋಟಿ ಬಂದಿದೆ ಅನ್ನೋದು ಕಾರಣ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಕೊಂಡ ಬೆಲೆ ಎಷ್ಟು, ಉಳಿದದ್ದು ಎಷ್ಟು, ಕೊಳೆತದ್ದು ಎಷ್ಟು ಅಂತ ಯಂತ್ರ ಕೇಳಲಿಲ್ಲ. ಬೆಂಗಳೂರಿನ ಗಾಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡು ನೇತುಹಾಕಿದರು. ಗಲಾಟೆ ಆದ ಮೇಲೆ ಹಳೇ ಬಾಕಿ ಕೇಳೋದಿಲ್ಲ ಅಂತ ಮುಖ್ಯಮಂತ್ರಿ ಭರವಸೆ ಕೊಡಬೇಕಾಯ್ತು.

ನಾವು ತೆರಿಗೆ ಬೇಡ ಅನ್ನೋರಲ್ಲ. ನಮ್ಮ ಹಾಸ್ಟೆಲಿನ ಮುದ್ದೆ ಬೇಯೋದು ತೆರಿಗೆಯ ಬೆಂಕಿಯಲ್ಲೇ. ನಮ್ಮ ತಕರಾರು ಬೇರೆ. ಆಳೋರಿಗೆ ಗುಟ್ಟು, ಆಳಿಸಿಕೊಳ್ಳೋರಿಗೆ ಬಯಲು. ಇದು ತಲೆಕೆಳಗಾದ ನ್ಯಾಯ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲೂ ಇದೇ ಕಥೆ. ತನ್ನ ಸಂಸ್ಥೆಗಳಿಗೆ ವಿನಾಯ್ತಿ ಕೊಟ್ಟುಕೊಳ್ಳೋ ಅಧಿಕಾರವನ್ನ ಸರ್ಕಾರ ತಾನೇ ಇಟ್ಟುಕೊಳ್ತು. ಅದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ ಬಾಯಿಗೂ ಬಟ್ಟೆ ತುರುಕ್ತು.

ಇಷ್ಟೆಲ್ಲ ನೋಡಿದ ಮೇಲೆ ಹುಡುಗರು ಬಿಟ್‌ಕಾಯಿನ್ ಕಡೆ ಯಾಕೆ ತಿರುಗ್ತಾರೆ ಅನ್ನೋದು ನಮಗೆ ಅರ್ಥ ಆಗುತ್ತೆ. ಯಾರ ಅಪ್ಪಣೆಯೂ ಇಲ್ಲದೆ, ಹೆಸರು ಹೇಳದೆ ಕೊಡೋ ತಗೊಳ್ಳೋ ಆಸೆ ನ್ಯಾಯವಾದ ಆಸೆ. ಆದರೆ ಆಸೆ ನಿಜ ಅಂದಮಾತ್ರಕ್ಕೆ ಅಂಗಡಿಯವನು ಮಾರೋ ಸರಕು ನಿಜ ಆಗೋದಿಲ್ಲ. ಈಗ ಸರಕಿನ ಪರೀಕ್ಷೆ ಮಾಡೋಣ.

ಇದು ಗುಟ್ಟಿನ ಹಣ ಅಂತಾರೆ. ಅಪ್ಪಟ ಸುಳ್ಳು. ಬಿಟ್‌ಕಾಯಿನ್ ಪುಸ್ತಕ ಲೋಕದ ಎಲ್ಲರಿಗೂ ತೆರೆದಿರುತ್ತೆ, ಎಂದೆಂದಿಗೂ. ಅದರಲ್ಲಿ ಹೆಸರಿನ ಬದಲು ಒಂದು ಸಂಖ್ಯೆ ಇರುತ್ತೆ, ಅಷ್ಟೆ. ವಿನಿಮಯ ಕೇಂದ್ರದಲ್ಲಿ ಪ್ಯಾನ್ ಕಾರ್ಡು ಕೊಟ್ಟು ಕೊಂಡ ಕ್ಷಣ ಸಂಖ್ಯೆಗೂ ಹೆಸರಿಗೂ ಗಂಟು ಬಿತ್ತು. ಆಮೇಲೆ ಅದರ ಹಿಂದಿನದು ಮುಂದಿನದು ಎಲ್ಲ ಓದಬಹುದು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯನ್ನ ಹ್ಯಾಕರುಗಳು ಬೆದರಿಸಿ 75 ಬಿಟ್‌ಕಾಯಿನ್ ವಸೂಲು ಮಾಡಿದರು. ಮುಂದಿನ ತಿಂಗಳೇ ಅಮೆರಿಕದ ಪೊಲೀಸರು ಜಾಡು ಹಿಡಿದು ಅದರಲ್ಲಿ 63.7 ಕಿತ್ತುಕೊಂಡರು. ಅಂಥ ಪಳಗಿದ ಕಳ್ಳರಿಗೇ ಅಡಗೋಕೆ ಆಗದ ಜಾಗದಲ್ಲಿ ನಮ್ಮ ತಾಯಂದಿರ ಸಾಸಿವೆ ಡಬ್ಬಿ ಅಡಗೀತೇ?

ಇದರಲ್ಲಿ ಜಾತಿ ಇಲ್ಲ ಅಂತಾರೆ. ಸರಿ. ಆದರೆ ಮೊದಲು ಬಂದವನೇ ಗೌಡ ಅನ್ನೋ ನಿಯಮ ಇದೆ. ಇರೋದೇ 2 ಕೋಟಿ 10 ಲಕ್ಷ ನಾಣ್ಯ. ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಈಗಾಗಲೇ ಹಂಚಿಹೋಗಿದೆ. ಯಾರಿಗೆ? 2009ರಲ್ಲಿ, 2010ರಲ್ಲಿ ಕಂಪ್ಯೂಟರ್, ಕರೆಂಟು, ಇಂಗ್ಲಿಷು ಮೂರೂ ಇದ್ದವರಿಗೆ. ಆಗ ನಮ್ಮ ಕೇರಿಯಲ್ಲಿ ಏನಿತ್ತು? ಊರಿನ ಭೂಮಿಯೂ ಹೀಗೇ. ನಾವು ಹುಟ್ಟೋ ಮೊದಲೇ ಪಹಣಿ ಬರೆದಾಗಿತ್ತು. ಈಗ ಮಿಕ್ಕ ಚೂರು ಕೊಳ್ಳಿ ಅಂತ ನಮ್ಮನ್ನ ಕರೆಯೋದು ಯಾಕೆ? ನಾವು ಹೆಚ್ಚು ಬೆಲೆಗೆ ಕೊಂಡರೆ ತಾನೇ ಅವರು ಹಳೇ ನಾಣ್ಯ ಮಾರಿ ಲಾಭ ಎಣಿಸೋದು!

ಬಾಬಾಸಾಹೇಬರೇ ಇದನ್ನ ಒಪ್ಪುತಿದ್ದರು ಅನ್ನೋ ಧೈರ್ಯಶಾಲಿಗಳೂ ಹುಟ್ಟಿದ್ದಾರೆ. ಹಣ ಅಚ್ಚು ಹಾಕೋ ಸರ್ಕಾರದ ಕೈಗೆ ಕಡಿವಾಣ ಬೇಕು ಅಂತ ಅವರು ವಾದ ಮಾಡಿದ್ದು ನಿಜ. ಆದರೆ ಯಾಕೆ ಹೇಳಿದರು? ರೂಪಾಯಿಯ ಕೊಳ್ಳೋ ಶಕ್ತಿ ಸ್ಥಿರವಾಗಿರಲಿ ಅಂತ. ರೂಪಾಯಿ ಬೆಲೆ ಇಳಿದಾಗ ವ್ಯಾಪಾರಿಗೆ ಬಂದ ಲಾಭ ಆಕಾಶದಿಂದ ಬಿದ್ದದ್ದಲ್ಲ. ಬೆಲೆ ಏರಿದಷ್ಟು ಕೂಲಿ ಏರದೆ ಕೂಲಿಕಾರನ ತುತ್ತಿನಿಂದ ಹೋದದ್ದು ಅದು. ಇದು ಅವರ ವಾದದ ತಿರುಳು. ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಮುಟ್ತು. ಒಂದು ವರ್ಷದೊಳಗೆ 17,000ಕ್ಕೂ ಕೆಳಗೆ ಬಿತ್ತು. ಆಮೇಲೆ ಮತ್ತೆ ಏರಿದ್ದೂ ಉಂಟು. ಆದರೆ ಇದರಲ್ಲಿ ಕೂಲಿ ತಗೊಂಡವಳು ಸೋಮವಾರ ಒಂದು ಸೇರು ಅಕ್ಕಿ ಕೊಂಡರೆ ಶನಿವಾರ ಪಾವು ಕೊಳ್ಳಬೇಕಾದೀತು. ಹೀಗೆ ಕುಣಿಯೋದನ್ನ ಜೂಜು ಅಂತಾರೆ. ಬಾಬಾಸಾಹೇಬರ ಹೆಸರನ್ನ ಜೂಜುಕಟ್ಟೆಯ ಬೋರ್ಡಿಗೆ ಬರೆಯೋದು ಬೇಡ!

ಒಂದು ದೇಶವೇ ಇದನ್ನ ಮಾಡಿ ನೋಡಿದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನನ್ನ ಕಾನೂನುಬದ್ಧ ಹಣ ಮಾಡ್ತು. ಜನ ಸಂತೆಗೆ ಅದನ್ನ ತರಲಿಲ್ಲ, ಡಾಲರನ್ನೇ ಬಳಸಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕಾಗಿ 2025ರ ಜನವರಿಯಲ್ಲಿ ಕಾನೂನು ತಿದ್ದಿ, ಅಂಗಡಿಯವರು ತಗೊಳ್ಳಲೇಬೇಕು ಅನ್ನೋ ಕಡ್ಡಾಯ ತೆಗೀಬೇಕಾಯ್ತು. ಬ್ಯಾಂಕುಗಳ ವಿರುದ್ಧ ಬಂಡಾಯ ಅಂತ ಹೊರಟ ಸರ್ಕಾರ ಕೊನೆಗೆ ಲೋಕದ ದೊಡ್ಡ ಸಾಹುಕಾರನ ಜಗಲಿಗೇ ಬಂತು.

ಮಧ್ಯವರ್ತಿ ಇಲ್ಲ ಅಂತಾರೆ. ನಮ್ಮ ಹುಡುಗರು ಕೊಳ್ಳೋದು ಮಧ್ಯವರ್ತಿಯ ಆ್ಯಪಿನಲ್ಲೇ ಅಲ್ವಾ? 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಅನ್ನೋ ದೈತ್ಯ ಕಂಪನಿ ಜನರಿಟ್ಟ ಹಣ ನುಂಗಿ ಕುಸೀತು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಕಳುವಾಯ್ತು. ಇಟ್ಟವರು ಒಂದು ವರ್ಷಕ್ಕೂ ಮಿಕ್ಕಿ ತಮ್ಮ ಹಣ ಮುಟ್ಟೋಕಾಗದೆ ಕೂತರು. ಅದಕ್ಕೂ ಮೊದಲು ಗೇನ್‌ಬಿಟ್‌ಕಾಯಿನ್ ಅನ್ನೋ ಸ್ಕೀಮು ತಿಂಗಳಿಗೆ ಶೇಕಡಾ 10 ಲಾಭ ಕೊಡ್ತೀವಿ ಅಂತ ದೇಶದ ಜನಕ್ಕೆ ಟೋಪಿ ಹಾಕ್ತು. ಚೀಟಿ ಹಾಕಿಸಿ ರಾತ್ರೋರಾತ್ರಿ ಊರು ಬಿಟ್ಟವರನ್ನ ಕಂಡ ಕೇರಿ ನಮ್ಮದು. ಹೆಸರು ಇಂಗ್ಲಿಷಾದರೆ ಮೋಸ ಹೊಸದಾಗೋದಿಲ್ಲ. ಇನ್ನು ಸರ್ಕಾರ? ಅದು 2022ರ ಬಜೆಟ್ಟಿನಲ್ಲಿ ಲಾಭದ ಮೇಲೆ ಶೇಕಡಾ 30 ತೆರಿಗೆ ಹಾಕ್ತು, ನಷ್ಟವನ್ನ ಕಳೆದುಕೊಳ್ಳೋಕೂ ಬಿಡಲಿಲ್ಲ. ಜೂಜಿನ ಕಟ್ಟೆಗೆ ಕಂದಾಯ ಬಂತು, ಸೋತವನಿಗೆ ರಕ್ಷಣೆ ಬರಲಿಲ್ಲ.

ಕಡೆಯದು, ನಮ್ಮ ಮೂರನೇ ಪ್ರಶ್ನೆ. ಈ ಪುಸ್ತಕದ ಸಾಲನ್ನ ಯಾರೂ ಅಳಿಸೋಕಾಗೋದಿಲ್ಲ ಅನ್ನೋದೇ ಅವರ ಹೆಮ್ಮೆ. ಅದರಲ್ಲಿ ಬರೆಯೋದು ಪಾವತಿ, ಸಾಲ ಅಲ್ಲ ಅನ್ನೋದು ನಮಗೂ ಗೊತ್ತು. ಆದರೆ ಬೆದರಿಸಿ ಕಿತ್ತುಕೊಂಡದ್ದೂ ಅಲ್ಲಿ ಪಾವತಿಯೇ, ಮೋಸದಿಂದ ಹೋದದ್ದೂ ಪಾವತಿಯೇ. ಅಲ್ಲಿ ತಹಸೀಲ್ದಾರ್ ಇಲ್ಲ, ಕೋರ್ಟಿಲ್ಲ, ಧರಣಿ ಕೂರೋಕೆ ಒಂದು ಬಾಗಿಲೂ ಇಲ್ಲ. 1976ರಲ್ಲಿ ನಮ್ಮ ಕುತ್ತಿಗೆ ಬಿಡಿಸಿದ್ದು ಸಾಲನ್ನ ಅಳಿಸಬಲ್ಲ ಕಾನೂನು. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದಿಂದ ಜನ ಊರು ಬಿಟ್ಟು, ಪ್ರಾಣ ಬಿಟ್ಟ ಮೇಲೆ ಸುಗ್ರೀವಾಜ್ಞೆ ಬಂತು. ತಡವಾಗಿ ಬಂದರೂ ಕಾನೂನೇ ಬರಬೇಕಾಯ್ತು. ಸರ್ಕಾರವನ್ನ ನಾವು ನಂಬೋದಿಲ್ಲ. ಆದರೆ ಅದರ ಕೊರಳಪಟ್ಟಿ ಹಿಡಿದು ಕೇಳಬಹುದು. ಕಂಪ್ಯೂಟರಿನ ಲೆಕ್ಕಕ್ಕೆ ಕೊರಳೇ ಇಲ್ಲ.

ಹಾಗಂತ ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಗೆ ಜೈ ಅನ್ನೋಣವೇ? ಅದರ ಪ್ರಯೋಗ 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರದಲ್ಲಿ ಜನರ ಕೈಗೆ ಬಂತು. ಅದಕ್ಕೂ ಮೊದಲು ಬ್ಯಾಂಕು ಹೊರಡಿಸಿದ ಟಿಪ್ಪಣಿಯಲ್ಲಿ ಒಂದು ಮಾತಿದೆ: ಈ ಹಣಕ್ಕೆ ಷರತ್ತು ಕಟ್ಟಬಹುದು, ಬೇಸಾಯದ ಸಾಲ ಗೊಬ್ಬರ ಬೀಜದ ಅಂಗಡಿಯಲ್ಲಿ ಮಾತ್ರ ಚಲಾವಣೆ ಆಗೋ ಹಾಗೆ ಮಾಡಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಇದು ಕಾಳಿನ ಕೂಲಿಯ ಹೊಸ ಅವತಾರ. ಇವತ್ತು ಗೊಬ್ಬರ, ನಾಳೆ ಸ್ಕಾಲರ್‌ಶಿಪ್ ಹಣಕ್ಕೆ ಇಂಥ ಅಂಗಡಿ, ನಾಡಿದ್ದು ಈ ಹಣದಲ್ಲಿ ಮಾಂಸ ಕೊಳ್ಳೋ ಹಾಗಿಲ್ಲ! ಸಣ್ಣ ಪಾವತಿಗೆ ಗುಟ್ಟು ಇರುತ್ತೆ ಅಂತಲೂ ಅದೇ ಟಿಪ್ಪಣಿ ಹೇಳುತ್ತೆ. ಟಿಪ್ಪಣಿ ಬೇಡ, ಕಾನೂನಿನಲ್ಲಿ ಬರೆದು ಕೊಡಿ.

ನಾವು ಕೇಳೋದು ಇಷ್ಟು:

1. ನಗದು ಹಣ ಉಳಿಯಬೇಕು. ಕೂಲಿ, ಪಿಂಚಣಿ, ಸ್ಕಾಲರ್‌ಶಿಪ್ ಯಂತ್ರದ ತಪ್ಪಿನಿಂದ ನಿಂತರೆ ನಗದಾಗಿ ಕೊಡೋ ಜವಾಬ್ದಾರಿ ಅಧಿಕಾರಿಯದು.

2. ಬಡವರ ಸಣ್ಣ ಪಾವತಿಗಳ ಲೆಕ್ಕ ಓದೋ ಅಧಿಕಾರ ಯಾರಿಗಿದೆ, ಎಷ್ಟಿದೆ ಅಂತ ಕಾನೂನು ಹೇಳಬೇಕು. ಓದಿದರೆ ಓದಿದ್ದೇವೆ ಅಂತ ನಮಗೆ ತಿಳಿಸಬೇಕು.

3. ಸರ್ಕಾರ ಕೊಡೋ ಹಣಕ್ಕೆ ಏನು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು ಅನ್ನೋ ಷರತ್ತು ಕಟ್ಟಬಾರದು.

4. ಬಯಲು ಖಾತೆ ಬೇಕಾದ್ದು ಸಾರ್ವಜನಿಕ ಹಣಕ್ಕೆ. 2013ರ ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆ ಕಾಯ್ದೆಯ ಹಣದಲ್ಲಿ 2023-24ರ ಒಂದೇ ವರ್ಷ 11,000 ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೊಂದಿಸಿದರು. 2024ರಲ್ಲಿ ವಾಲ್ಮೀಕಿ ನಿಗಮದ ಕೋಟಿಗಟ್ಟಲೆ ಹಣ ಬ್ಯಾಂಕಿನಿಂದಲೇ ಮಾಯವಾಯ್ತು. ಆ ಹಣದ ಪ್ರತಿ ರೂಪಾಯಿ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋ ಅಳಿಸಲಾಗದ ಪುಸ್ತಕ ಮಾಡಿ. ಪಂಚಾಯ್ತಿ ಗೋಡೆಗೆ, ಹಾಸ್ಟೆಲ್ ಗೋಡೆಗೆ ಅಂಟಿಸಿ. ಅಷ್ಟು ಒಳ್ಳೆಯ ತಂತ್ರಜ್ಞಾನ ಆದರೆ ಮೊದಲು ಮಂತ್ರಿಗಳ ಮೇಲೆ ಪ್ರಯೋಗ ಆಗಲಿ!

ಹಾಸ್ಟೆಲ್ ಗೆಳೆಯರೇ, ಗೆಳತಿಯರೇ, ನಿಮ್ಮ ಸ್ಕಾಲರ್‌ಶಿಪ್ ಹಣವನ್ನ ಆ್ಯಪಿನ ಗೆರೆಯ ಮೇಲೆ ಇಡಬೇಡಿ. ಅದು ನಿಮ್ಮಪ್ಪನ ಹೊಲ ಮಾರಿ ಬಂದದ್ದಲ್ಲ, ಹೋರಾಟ ಮಾಡಿ ಬಂದದ್ದು. ಅದರ ಬದಲು ವಾರಕ್ಕೊಂದು ರಾತ್ರಿ ಕೂತು ‘ರೂಪಾಯಿಯ ಸಮಸ್ಯೆ’ ಓದಿ. ನಿಮ್ಮ ಹಾಸ್ಟೆಲಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಹಣ ಬಂತು ಅಂತ ವಾರ್ಡನ್ನನ್ನ ಬರಹದಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೂ ಕೊಡದಿದ್ದರೆ ಜಿಲ್ಲಾ ಕಚೇರಿ ಮುಂದೆ ಕೂರೋಣ, ನಾವೂ ಬರ್ತೀವಿ.

ನಮ್ಮ ಹಿರಿಯರಿಗೆ ಓದೋಕೆ ಬರಲಿಲ್ಲ, ಪುಸ್ತಕ ಸಾಹುಕಾರನ ಕೈಲಿತ್ತು. ನಮಗೆ ಓದೋಕೆ ಬರುತ್ತೆ. ಪುಸ್ತಕ ತೆಗೆದು ತೋರಿಸಿ ಅಂತ ಕೇಳೋಣ.

ಜೈ ಭೀಮ್.